ಎಡಗಾಲಿನ ತೋಳ

ನಮ್ಮ ಮಾವನವರು ಜೀವಮಾನದಲ್ಲಿ ಒಂದೇ ಒಂದು ಸಲವೂ ತೋಳದ ಮುಖ ನೋಡಿದವರಲ್ಲ. ಆದರೆ ಆ ತೋಳ ನಿನ್ನೆ ರಾತ್ರಿ ಎಲ್ಲಿ ಮಲಗಿತ್ತು, ಯಾವ ಕೆರೆಯ ನೀರು ಕುಡಿಯಿತು, ಯಾವ ಊರಿನ ನಾಯಿಗಳಿಗೆ ಹೆದರಿ ಯಾವ ಬೇಲಿ ಸುತ್ತಿ ಹೋಯಿತು, ಮೊಲ ತಿಂದಿತ್ತೋ ಉಪವಾಸವಿತ್ತೋ, ಎಲ್ಲವನ್ನೂ ಬೆಳಗಿನ ಕಾಫಿಯ ಹೊತ್ತಿಗೆ ಹೇಳಿಬಿಡುತ್ತಿದ್ದರು. ಹೆತ್ತ ಮಗ ಯಾವ ದೇಶದಲ್ಲಿದ್ದಾನೆ, ಇದ್ದಾನೋ ಇಲ್ಲವೋ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಆ ಮಗನೇ ನನ್ನ ಗಂಡ.

ಅಯ್ಯೋ, ಶುರುವಿಗೇ ಅಳಿಸುತ್ತಾಳಲ್ಲ ಈ ಮುದುಕಿ ಅಂತ ಪುಸ್ತಕ ಮುಚ್ಚಬೇಡಿ! ನಗುವುದಕ್ಕೂ ಬೇಕಾದಷ್ಟಿದೆ. ನಮ್ಮ ಮಾವನವರಂಥವರ ಜೊತೆ ಒಂದೇ ಸೂರಿನಡಿ ಇದ್ದು ನಗದೆ ಇರುವುದು ಯಾರಿಂದಾದೀತು? ನನ್ನಿಂದಂತೂ ಆಗಲಿಲ್ಲ. ಅಳುತ್ತಿದ್ದ ದಿನಗಳಲ್ಲೂ ಆಗಲಿಲ್ಲ.

ಮನೆ ಹಲಸೂರಿನಲ್ಲಿ, ಗುಡಿಯ ಹಿಂದಿನ ಗಲ್ಲಿ. ಮಾವನವರ ಕಸುಬು ಹಲ್ಲು ಕಟ್ಟುವುದು. ಈಗ ಶಿವಾಜಿನಗರ ಅನ್ನುತ್ತೀರಲ್ಲ, ಆಗ ಬ್ಲಾಕ್‌ಪಲ್ಲಿ, ಅಲ್ಲಿ ಒಬ್ಬ ಬಿಳಿ ಡಾಕ್ಟರ ಶಾಪಿನ ಹಿಂಭಾಗದಲ್ಲಿ ಕೂತು ದಂಡಿನ ದೊರೆ ದೊರೆಸಾನಿಯರ ಬಾಯಿಗೆ ಹಲ್ಲಿನ ಸೆಟ್ಟು ಮಾಡುತ್ತಿದ್ದರು. ಡಾಕ್ಟರು ಬಾಯಿಯ ಅಚ್ಚು ತೆಗೆದುಕೊಟ್ಟರೆ ಇವರು ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ವಸಡು ತಿದ್ದಿ, ಹಲ್ಲು ಕೂರಿಸುವುದು. ಮುಗಿಯದ ಕೆಲಸವನ್ನು ಮನೆಗೂ ತರುತ್ತಿದ್ದರು. ನಾನು ಮದುವೆಯಾಗಿ ಮಾರತ್ತಹಳ್ಳಿಯಿಂದ ಬಂದ ಮೊದಲ ಸಂಜೆ, ದೀಪ ಹಚ್ಚೋಣವೆಂದು ಗೂಡಿಗೆ ಕೈಹಾಕಿದರೆ, ಬೆಂಕಿಪೊಟ್ಟಣದ ಬದಲು ಯಾರೋ ಮೇಜರ್ ಸಾಹೇಬರ ಕೆಳದವಡೆ ಕೈಗೆ ಬಂತು! ಕಿಟಾರನೆ ಕಿರುಚಿದೆ.

“ಹೆದರ್ಬೇಡಮ್ಮಣ್ಣಿ, ಅದು ಕಚ್ಚಲ್ಲ. ಇನ್ನೂ ಮೇಲ್ಗಡೇದು ಮಾಡಿಲ್ಲ” ಅಂದರು ಮಾವ.

ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದದ್ದು ಮೂವರು. ಆರು ತಿಂಗಳಿಗೆ ಇಬ್ಬರಾದೆವು. ನನ್ನವರು ಸೇತುವೆ ಕಟ್ಟುವ ಪಟಾಲಮ್ಮಿಗೆ ಸೇರಿ ಹಡಗು ಹತ್ತಿದರು. ಕಾಗದ ಬರುತ್ತಿತ್ತು. ಆದರೆ ಎಲ್ಲಿಂದ ಅಂತ ಬರೆಯುವ ಹಾಗಿರಲಿಲ್ಲ. ಬರೆದರೂ ಮಿಲಿಟರಿಯವರು ಮಸಿ ಬಳಿದು ಕಳಿಸುತ್ತಿದ್ದರು. ‘ಇಲ್ಲಿ ಮಳೆ ಹೆಚ್ಚು’ ಅಂತ ಬರೆದರೆ ಆ ‘ಇಲ್ಲಿ’ ಯಾವುದು ಅಂತ ನಾವು ಅಟ್ಲಾಸು ಹಿಡಿದು ಊಹಿಸಬೇಕು. ಆಮೇಲೆ ಸಿಂಗಾಪುರ ಜಪಾನಿಯರ ಕೈಗೆ ಬಿತ್ತು. ಅದಾಗಿ ಕೆಲವು ತಿಂಗಳಿಗೆ ಒಂದು ಅಚ್ಚು ಹಾಕಿದ ಕಾಗದ ಬಂತು. ಕಾಣೆಯಾಗಿದ್ದಾರೆ ಅಂತ. ಸತ್ತಿದ್ದಾರೆ ಅಂತಲ್ಲ, ಸೆರೆ ಸಿಕ್ಕಿದ್ದಾರೆ ಅಂತಲೂ ಅಲ್ಲ. ಕಾಣೆ! ಎಮ್ಮೆ ಕಾಣೆ, ಕೊಡೆ ಕಾಣೆ ಅನ್ನುವುದಿಲ್ಲವೇ, ಹಾಗೆ.

ನಾನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ. ಅದೇ ವಾರ ಮಾವನಿಗೆ ತೋಳ ಹಿಡಿಯಿತು.

ಆದದ್ದು ಹೀಗೆ. ಬೆಳಿಗ್ಗೆ ಚೊಂಬು ಹಿಡಿದು ಹಲಸೂರು ಕೆರೆಯ ಕಡೆ ಹೋದವರು ಏದುಸಿರು ಬಿಡುತ್ತಾ ಓಡಿ ಬಂದು, ಗೂಡಿನಲ್ಲಿದ್ದ ಪ್ಲಾಸ್ಟರ್ ಪುಡಿಯ ಡಬ್ಬಿ ಎತ್ತಿಕೊಂಡು ಮತ್ತೆ ಕೆರೆಯ ಕಡೆಗೇ ಓಡಿದರು. ಹೊಟ್ಟೆ ಕೆಟ್ಟಿದೆ ಅಂದುಕೊಂಡೆ. ಆದರೆ ಅದಕ್ಕೆ ಪ್ಲಾಸ್ಟರ್ ಯಾಕೆ? ಗಂಟೆ ಬಿಟ್ಟು ಬಂದರು. ಒಂದು ಕೈಯಲ್ಲಿ ಮುತ್ತುಗದ ಎಲೆಯ ಮೇಲೆ ಬೆಳ್ಳಗೆ ಒಂದು ಪಂಜ. ಇನ್ನೊಂದು ಕೈಯಲ್ಲಿ ಚೊಂಬು.

“ನೋಡಮ್ಮಣ್ಣಿ, ತೋಳ!”

“ನಾಯಿ ಇರ್ಬೇಕು ಬಿಡಿ ಮಾವ.”

“ನಾಯೀನಾ? ಮಧ್ಯದ ಎರಡು ಬೆರಳು ನೋಡು, ಹೆಂಗೆ ಮುಂದಕ್ಕೆ ಬಂದಿವೆ. ಎಡಗಡೆ ಹಿಂಗಾಲು ಇದು. ನಾಲ್ಕು ಬೆರಳಿರ್ಬೇಕು, ಮೂರೇ ಇವೆ. ಯಾವುದೋ ಉರುಳಿಗೆ ಸಿಕ್ಕಿ ಕಿತ್ಕೊಂಡು ಬಂದಿದ್ದಾನೆ. ಒಬ್ನೇ ಇದ್ದಾನೆ, ಪಾಪ.”

“ಅದೆಲ್ಲ ಸರಿ, ಚೊಂಬಿನಲ್ಲೇನು?”

ಚೊಂಬಿನಲ್ಲೇ ಪ್ಲಾಸ್ಟರ್ ಕಲಸಿದ್ದಾರೆ! ಮಿಕ್ಕಿದ್ದು ಅಲ್ಲೇ ಕಲ್ಲಾಗಿ ಕೂತಿದೆ.

“ಇನ್ನು ಇದರಲ್ಲಿ ನೀರು ಹಿಡಿಯೋದು ಹೆಂಗೆ ಮಾವ?”

“ಹಿಡೀಬೇಡ. ಬಾಗ್ಲಿಗೆ ಒತ್ತು ಕೊಡು, ಗಾಳಿಗೆ ಬಡ್ಕೊಳ್ತಾ ಇರುತ್ತೆ.”

ಕಾಣೆ ಅನ್ನುವ ಕಾಗದ ಬಂದ ಮೇಲೆ ನಾನು ಎದ್ದು ಕೂತು ಜಗಳವಾಡಿದ್ದು ಅವತ್ತೇ ಮೊದಲು.

ಅಲ್ಲಿಂದ ಶುರುವಾಯಿತು ನೋಡಿ! ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಕೆರೆ ಏರಿ, ಅಲ್ಲಿಂದ ಬಿನ್ನಮಂಗಲ. ಈಗ ಇಂದಿರಾನಗರ ಅಂತ ಮಹಡಿ ಮೇಲೆ ಮಹಡಿ ಕಟ್ಟಿದ್ದಾರಲ್ಲ, ಅದೆಲ್ಲ ಆಗ ರಾಗಿ ಹೊಲ, ಹುಲ್ಲುಬಯಲು. ಭಾನುವಾರವಾದರೆ ಕಗ್ಗದಾಸಪುರ, ಬೆನ್ನಿಗಾನಹಳ್ಳಿ, ಒಮ್ಮೊಮ್ಮೆ ಕೆ.ಆರ್. ಪುರದವರೆಗೂ. ಕಂಕುಳಲ್ಲಿ ಕೊಡೆ, ಚೀಲದಲ್ಲಿ ಪ್ಲಾಸ್ಟರ್ ಡಬ್ಬಿ, ಜೇಬಿನಲ್ಲಿ ನೋಟುಪುಸ್ತಕ. ಕೊಡೆ ಮಳೆಗಲ್ಲ, ಹೆಜ್ಜೆ ಅಳೆಯುವುದಕ್ಕೆ. ಹೆಜ್ಜೆಯಿಂದ ಹೆಜ್ಜೆಗೆ ಒಂದು ಕೊಡೆಗೆ ನಾಲ್ಕು ಬೆರಳು ಕಮ್ಮಿ. ಅದಕ್ಕಿಂತ ಕಮ್ಮಿಯಾದರೆ ಆಸಾಮಿಗೆ ಹುಷಾರಿಲ್ಲ, ಜಾಸ್ತಿಯಾದರೆ ಯಾರೋ ಅಟ್ಟಿಸಿಕೊಂಡು ಬಂದಿದ್ದಾರೆ. ಅದಕ್ಕೆ ಹೆಸರಿಡಲಿಲ್ಲ ಅವರು. ‘ನಮ್ಮಾಸಾಮಿ’ ಅನ್ನುತ್ತಿದ್ದರು, ಅಷ್ಟೆ.

ಊಟಕ್ಕೆ ಕೂತರೆ ಪಾಠ. “ನಾಯಿ ನಡೆಯೋದು ಸಂತೆಗೆ ಹೋದೋರ ಥರ ಕಣಮ್ಮ. ಅಲ್ಲಿ ನಿಂತು, ಇಲ್ಲಿ ಮೂಸಿ, ಇನ್ನೆಲ್ಲೋ ತಿರುಗಿ. ತೋಳ ಹಂಗಲ್ಲ. ಹೊರಟ ಅಂದ್ರೆ ದಾರ ಹಿಡ್ದಂಗೆ ಹೋಗ್ತಾನೆ. ಮುಂಗಾಲಿಟ್ಟ ಗುರುತಿನ ಮೇಲೇ ಹಿಂಗಾಲಿಡ್ತಾನೆ. ತಾನು ಎಲ್ಲಿಗೆ ಹೋಗ್ತಿದೀನಿ ಅಂತ ಅವನಿಗೆ ಗೊತ್ತಿರುತ್ತೆ.”

“ಸೌದೆ ತರಕ್ಕೆ ಹೋದೋರು ಬೆನ್ನಿಗಾನಹಳ್ಳಿ ಮುಟ್ಟಿ ಬರಿಗೈಲಿ ಬಂದ್ರಲ್ಲ ಮಾವ, ಅದ್ಯಾವ ಥರದ್ದು?”

“ಅದು ಮುದುಕರ ಥರ” ಅಂತ ನಗುತ್ತಿದ್ದರು. ನನಗೆ ಒಲೆಗೆ ಸೌದೆಯಿಲ್ಲ, ಇವರಿಗೆ ನಗು!

ಬೀದಿಯಲ್ಲಿ ಅವರು ಹೊರಟರೆ ಹುಡುಗರು ‘ತೋಳ ಬಂತು ತೋಳ’ ಅಂತ ಕೂಗುತ್ತಿದ್ದರು. ಎದುರು ಮನೆಯ ಮೊದಲಿಯಾರರು ಜಗುಲಿಯಿಂದಲೇ ಕೆಣಕುತ್ತಿದ್ದರು. “ಎದ್ದ ಕೂಡ್ಲೆ ನರಿ ಮುಖ ನೋಡಿದ್ರೆ ಅದೃಷ್ಟ ಅಂತಾರೆ ಸ್ವಾಮಿ. ನೀವು ತೋಳನ ಕಾಲು ನೋಡ್ತೀರಲ್ಲ, ಇದೆಂಥ ಶಾಸ್ತ್ರ?”

“ಮುಖ ನೋಡೋ ಅದೃಷ್ಟ ನಂಗಿಲ್ಲ ಮೊದಲಿಯಾರ್ರೆ. ಕಾಲಾದ್ರೂ ಸಿಗ್ಲಿ” ಅಂದರು ಮಾವ. ಮೊದಲಿಯಾರರು ಆಮೇಲೆ ಕೆಣಕಲಿಲ್ಲ.

ಗೋಡೆಯ ವಿಷಯ ಹೇಳಲೇಬೇಕು. ನಡುಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ನಕ್ಷೆ ಬರೆದರು. ಕೆರೆಗಳೆಲ್ಲ ಸೊನ್ನೆ, ಹಳ್ಳಿಗಳೆಲ್ಲ ಗುಣಾಕಾರದ ಗುರುತು, ತೋಳ ಹೋದ ದಾರಿಗಳೆಲ್ಲ ಗೀಟು. ಬೇಸಗೆಯಲ್ಲಿ ಕಗ್ಗದಾಸಪುರದ ಕೆರೆಯ ಪಕ್ಕದ ಪೊದೆಯಲ್ಲಿ ಹಗಲು ಕಳೆಯುತ್ತೆ. ಚಳಿಗಾಲಕ್ಕೆ ಲಿಂಗರಾಜಪುರದ ಹಿಂದೆ ಬಂಡೆಗಳ ಸಂದು. ಎಲ್ಲಿ ಮಿಲಿಟರಿಯವರು ಹೊಸ ಕ್ಯಾಂಪು ಹಾಕುತ್ತಾರೋ ಅಲ್ಲಿ ಗೀಟು ಡೊಂಕಾಗುತ್ತಿತ್ತು. ಯುಗಾದಿಗೆ ಸುಣ್ಣ ಬಳಿಯುವವನು ಬಂದಾಗ ಮಾವ ಆ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಇಡೀ ಮನೆ ಬೆಳ್ಳಗೆ ಥಳಥಳ, ನಡುವೆ ಅದೊಂದು ಗೋಡೆ ಮಸಿ! ಹಬ್ಬಕ್ಕೆ ಬಂದ ಹೆಂಗಸರು ‘ಇದ್ಯಾವ ದೇವರ ಮಂಡಲ’ ಅಂತ ಕೇಳಿದರೆ ನಾನೇನು ಹೇಳಲಿ? ‘ಮನೆದೇವರದ್ದು’ ಅಂದುಬಿಟ್ಟೆ. ಒಬ್ಬಾಕೆ ಕುಂಕುಮ ಇಟ್ಟೇ ಹೋದಳು.

ನನಗೂ ಅದರಿಂದ ಒಂದು ಉಪಕಾರವಾಗುತ್ತಿತ್ತು. ತೋಳದ ದಾರಿ ನನ್ನ ತವರಿನ ಪಕ್ಕದಲ್ಲೇ ಹಾಯುತ್ತಿತ್ತು. “ನಿಮ್ಮಪ್ಪನ ಬಣವೆ ಹಿಂದೆ ಹೋಗಿದ್ದಾನೆ ಅಮ್ಮಣ್ಣಿ. ಬಣವೆ ಅರ್ಧ ಆಗಿದೆ. ಕೆಂಪು ಹಸು ಕರು ಹಾಕಿದೆ. ನಿಮ್ಮಮ್ಮ ಬೆರಣಿ ತಟ್ತಾ ಇದ್ರು, ಹುಷಾರಾಗಿದ್ದಾರೆ.” ತೋಳದ ಹಿಂದೆ ತವರಿನ ಸುದ್ದಿ ತರಿಸಿಕೊಂಡ ಹೆಣ್ಣು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಅಪ್ಪ ಒಂದು ಸಲ ಗಾಡಿ ಕಟ್ಟಿಕೊಂಡು ನನ್ನನ್ನು ಕರೆದುಕೊಂಡು ಹೋಗಲು ಬಂದರು. ನಾನು ಹೋಗಲಿಲ್ಲ. ಇವರ ಕಾಗದ ಬಂದರೆ ಈ ಬಾಗಿಲಿಗೇ ಬರಬೇಕು. ಆಗ ಬಾಗಿಲು ತೆಗೆಯುವವರು ಯಾರು? ಮಾವನೋ ಯಾವ ಪೊದೆಯಲ್ಲಿರುತ್ತಾರೋ!

ಒಂದು ಸಲವಂತೂ ಕೆಲಸಕ್ಕೇ ಸಂಚಕಾರ ಬಂತು. ಒಬ್ಬ ಕರ್ನಲ್ಲನ ದೊರೆಸಾನಿಗೆ ಮೇಲಿನ ಹಲ್ಲಿನ ಸೆಟ್ಟು ಕಳಿಸಬೇಕಿತ್ತು. ಮಾವ ಮನೆಯಲ್ಲೇ ಹತ್ತಿಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ದಾರ ಕಟ್ಟಿ ಕಳಿಸಿದರು. ದೊರೆಸಾನಿ ಚಹಾಕ್ಕೆ ಬಂದ ನೆಂಟರ ಮುಂದೆ ಡಬ್ಬಿ ಬಿಚ್ಚಿದರೆ ಒಳಗೆ ಮೂರು ಬೆರಳಿನ ಪಂಜ! ಡಾಕ್ಟರು ಅದನ್ನು ಮಾವನ ಮೂಗಿನ ಮುಂದೆ ಹಿಡಿದು “ಇದು ಯಾರ ಬಾಯಿ?” ಅಂತ ಕೂಗಾಡಿದರಂತೆ.

“ಬಾಯಲ್ಲ ಸಾರ್, ಕಾಲು” ಅಂದರಂತೆ ಇವರು.

ಹಾಗಾದರೆ ದೊರೆಸಾನಿಯ ಹಲ್ಲೆಲ್ಲಿ? ನಮ್ಮ ಮನೆಯ ಹಲಗೆಯ ಮೇಲೆ ತೋಳದ ಪಂಜಗಳ ಸಾಲಿನಲ್ಲಿ ಕೂತಿತ್ತು. ಅಡಿಯಲ್ಲಿ ಮಾವನ ದುಂಡನೆಯ ಅಕ್ಷರದಲ್ಲಿ ಚೀಟಿ: ‘ಕಗ್ಗದಾಸಪುರ, ಮಂಗಳವಾರ. ಹೊಟ್ಟೆ ತುಂಬಿದೆ.’

ಇದೆಲ್ಲ ತಮಾಷೆ. ತಮಾಷೆಯಲ್ಲದ್ದೂ ಒಂದಿತ್ತು. ಬೆನ್ನಿಗಾನಹಳ್ಳಿ ಕೆರೆಯ ಮೇಲೆ ಕುರುಬರ ಹಟ್ಟಿ. ಅಲ್ಲಿಯ ಹಿರಿಯ ಹನುಮಜ್ಜ. ಅವನ ಎರಡು ಕುರಿಮರಿ ಹೋಗಿದ್ದವು. ಮಾಂಸಕ್ಕೆ ವಿಷ ಸವರಿ ಇಡುತ್ತೇನೆಂದು ಹೊರಟಿದ್ದ. ಸುದ್ದಿ ಕೇಳಿ ಮಾವ ಊಟ ಬಿಟ್ಟು ಓಡಿದರು. ನಾನೂ ಹೋದೆ, ತವರಿಗೆ ಹೋಗುವ ದಾರಿ ಅಂತ ನೆಪ ಮಾಡಿಕೊಂಡು. ನಿಜ ಹೇಳಬೇಕೆಂದರೆ ಮಾವನ ಮುಖ ನೋಡಿ ಭಯವಾಗಿತ್ತು.

“ವಿಷ ಇಡ್ಬೇಡ ಕಣಪ್ಪ. ಅವನು ಯಾವತ್ತು ಎಲ್ಲಿರ್ತಾನೆ ಅಂತ ದಿನಾ ಹೇಳಿ ಕಳಿಸ್ತೀನಿ. ನೀನು ಆ ಕಡೆ ಕುರಿ ಬಿಡ್ಬೇಡ. ನಿನ್ನ ಮರೀನೂ ಉಳಿಯುತ್ತೆ, ಅವನೂ ಉಳೀತಾನೆ.”

“ಏನ್ ಸಾಮಿ, ತೋಳದ ಜೋಯಿಸ್ರಾ ನೀವು?” ಹನುಮಜ್ಜ ನಕ್ಕ. ನಕ್ಕಾಗ ಬಾಯಿ ಬೋಡು. ಒಂದು ಹಲ್ಲಿಲ್ಲ!

ಮಾವನ ಕಣ್ಣು ತೋಳವನ್ನು ಬಿಟ್ಟು ಆ ಬಾಯಿಯೊಳಗೆ ಹೋಯಿತು. “ಮೂಳೆ ಕಡಿದು ಎಷ್ಟು ವರ್ಷ ಆಯ್ತಪ್ಪಾ?”

ಹನುಮಜ್ಜನ ನಗು ನಿಂತಿತು. “ಸಾನೆ ವರ್ಷ ಆತು ಸಾಮಿ. ಹಟ್ಟಿ ತುಂಬ ಕುರಿ ಐತೆ. ನನ್ಗೆ ಸಾರೇ ಗತಿ.”

ಮುಗಿಯಿತು! ಹದಿನೈದು ದಿನ ನಮ್ಮ ಮನೆಯಲ್ಲಿ ಹನುಮಜ್ಜನ ಬಾಯಿಯದೇ ಕೆಲಸ. ಸೆಟ್ಟು ಕೂರಿಸಿದ ದಿನ ಆ ಮುದುಕ ಕನ್ನಡಿ ನೋಡಿಕೊಂಡು ಕಣ್ಣೊರೆಸಿಕೊಂಡ. ಮಾವನ ಕೈಮೇಲೆ ಕೈಯಿಟ್ಟು ಆಣೆ ಮಾಡಿದ. “ಈ ಹಲ್ಲು ನನ್ ಬಾಯಾಗಿರೋಗಂಟ ಅದರ ಕೂದ್ಲು ಮುಟ್ಟಾಕಿಲ್ಲ, ಯಾರೂ ಮುಟ್ಟದಂಗೆ ನೋಡ್ಕತೀನಿ.” ತೋಳದ ಜೀವ ಉಳಿಸಲು ಕುರಿ ತಿನ್ನುವ ಹಲ್ಲು ಕೊಟ್ಟವರು ನಮ್ಮ ಮಾವ ಒಬ್ಬರೇ ಇರಬೇಕು.

ಮರುವರ್ಷದ ಚಳಿಯಲ್ಲಿ ಮಾವ ಜ್ವರ ಹಿಡಿದು ಮಲಗಿದರು. ಮೈ ಕೆಂಡ. ಜ್ವರ ಏರಿದಾಗ ಮಗನನ್ನು ಕೂಗುತ್ತಿದ್ದರು, ಇಳಿದಾಗ ತೋಳವನ್ನು ಕೇಳುತ್ತಿದ್ದರು. ಒಂದು ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡರು. “ಅಮ್ಮಣ್ಣಿ, ಅವನೊಬ್ಬ ಎಲ್ಲಿದ್ದಾನೆ ಅಂತ ಗೊತ್ತಾದ್ರೆ ಸಾಕು, ನಂಗೆ ನಿದ್ದೆ ಬರುತ್ತೆ. ನೋಡ್ಕೊಂಡು ಬರ್ತೀಯಾ?”

ಅಲ್ಲಿಯವರೆಗೆ ನಾನು ನಲ್ಲಿ ಬಿಟ್ಟರೆ ಅಂಗಡಿ, ಅಂಗಡಿ ಬಿಟ್ಟರೆ ಮನೆ. ಒಬ್ಬಳೇ ಹೊರಟು ಎಲ್ಲಿಗೂ ಹೋದವಳಲ್ಲ. ಹೋದೆ. ಮೊದಲ ದಿನ ನಾಯಿ ಹೆಜ್ಜೆ, ಎಮ್ಮೆ ಹೆಜ್ಜೆ, ಅಗಸರ ಕತ್ತೆಯ ಹೆಜ್ಜೆ. ಎರಡನೆಯ ದಿನ ಬಿನ್ನಮಂಗಲದ ಕುಂಟೆಯ ಅಂಚಿನಲ್ಲಿ ಕಂಡಿತು. ಮೂರು ಬೆರಳು. ಇನ್ನೂ ನೀರು ಜಿನುಗುತ್ತಿದೆ, ಈಗಷ್ಟೇ ಹೋಗಿದೆ. ನನಗೆ ಏನಾಯಿತೋ, ಅಲ್ಲೇ ಕೂತು ಅತ್ತೆ. ಇದೆ! ಎಲ್ಲೋ ಇದೆ, ಬದುಕಿದೆ, ನಡೆದುಕೊಂಡು ಹೋಗುತ್ತಿದೆ. ಮಾವ ಯಾಕೆ ದಿನಾ ಬರುತ್ತಿದ್ದರು ಅಂತ ಅವತ್ತು ನನಗೆ ಗೊತ್ತಾಯಿತು. ಅಷ್ಟು ದಿನ ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು.

ಹತ್ತು ದಿನವಾಗಿರಬೇಕು. ಮಧ್ಯಾಹ್ನ ಹನುಮಜ್ಜ ಬಾಗಿಲಲ್ಲಿ ನಿಂತಿದ್ದ. ಮಾವ ಒಳಗೆ ಮಲಗಿದ್ದರು. ಅಜ್ಜ ಒಂದು ಬಟ್ಟೆಯ ಗಂಟು ಬಿಚ್ಚಿದ. ಒಳಗೆ ಅವನ ಹಲ್ಲಿನ ಸೆಟ್ಟು.

“ತಕ್ಕಳವ್ವ” ಅಂದ. ಬಾಯಿ ಮತ್ತೆ ಬೋಡು. “ಮದ್ರಾಸ್ ರಸ್ತೇಲಿ ಮಿಲ್ಟ್ರಿ ಲಾರಿ ಹೊಡ್ದು ಹೋಗೈತೆ. ನಾನೇನೂ ಮಾಡ್ಲಿಲ್ಲ, ತಾಯಾಣೆ. ಆದ್ರೂ ನೋಡ್ಕತೀನಿ ಅಂದಿದ್ನಲ್ಲ. ಮಾತು ಹೋದ್ಮೇಲೆ ಹಲ್ಲು ಯಾಕವ್ವ?”

ಅವನ ಜೊತೆ ಹೋಗಿ ನೋಡಿದೆ. ರಸ್ತೆಯ ಪಕ್ಕ ಹುಣಸೆಮರದ ಬುಡದಲ್ಲಿ ಮಲಗಿಸಿದ್ದ. ಇಷ್ಟೇನಾ ಅನ್ನಿಸಿತು. ಸಣಕಲು ಮೈ, ಬೂದು ಕೂದಲು, ಪಕ್ಕೆ ಎಣಿಸಬಹುದು. ಎಡಗಡೆಯ ಹಿಂಗಾಲು ಎತ್ತಿ ನೋಡಿದೆ. ಮೂರೇ ಬೆರಳು. ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ದುಃಖಕ್ಕಿಂತ ಮೊದಲು ಹೊಟ್ಟೆಕಿಚ್ಚಾಯಿತು. ಈ ತೋಳಕ್ಕಾದರೂ ಸತ್ತದ್ದು ಇಲ್ಲೇ ಅಂತ ಜಾಗವಿದೆ. ಮುಟ್ಟಿ ನೋಡುವುದಕ್ಕೆ ಮೈಯಿದೆ. ಹೂಳುವುದಕ್ಕೆ ಇಬ್ಬರು ಬಂದಿದ್ದೇವೆ. ನನ್ನವರಿಗೆ ಏನಿದೆ?

ಹೂತೆವು. ಸೆಟ್ಟನ್ನು ಅಜ್ಜನ ಕೈಗೇ ವಾಪಸು ಕೊಟ್ಟೆ. “ಹಾಕ್ಕೊಳ್ಳಿ ಅಜ್ಜ. ನೀವೇನೂ ತಪ್ಪು ಮಾಡಿಲ್ಲ. ಆದ್ರೆ ಮಾವನಿಗೆ ಮಾತ್ರ ಹೇಳ್ಬೇಡಿ.”

ಮನೆಗೆ ಬಂದರೆ ಮಾವ ಕಣ್ಣು ತೆರೆದರು. “ಸಿಕ್ತಾ?”

“ಸಿಕ್ತು ಮಾವ. ಬಿನ್ನಮಂಗಲದ ಕಡೆ ಹೋಗಿದೆ.”

ನಿದ್ದೆ ಹೋದರು. ಜ್ವರ ಬಿಟ್ಟಿತು. ವಾರ ಕಳೆಯಿತು, ಗಂಜಿ ಕುಡಿದು ಎದ್ದು ಕೂತು “ನಾಳೆ ನಾನೇ ಹೋಗಿ ನೋಡ್ತೀನಿ” ಅಂದರು.

ಮರುದಿನ ಕೋಳಿ ಕೂಗುವ ಹೊತ್ತಿಗೆ ಹಲಗೆಯಿಂದ ಒಂದು ಪಂಜ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡು ಕೆರೆಗೆ ಓಡಿದೆ. ಕೊಡೆಯನ್ನೂ ಒಯ್ದಿದ್ದೆ, ನಾನೇನು ದಡ್ಡಿಯೇ? ಹೆಜ್ಜೆಯಿಂದ ಹೆಜ್ಜೆಗೆ ಕೊಡೆಗೆ ನಾಲ್ಕು ಬೆರಳು ಕಮ್ಮಿ, ದಾರ ಹಿಡಿದಂತೆ ನೇರ. ಪಂಜವನ್ನು ಕೆಸರಿಗೆ ಒತ್ತಿದೆ, ಎತ್ತಿದೆ, ಒತ್ತಿದೆ. ಕೆರೆಯಂಚಿನಲ್ಲಿ ಇಪ್ಪತ್ತು ಮೂವತ್ತು ಹೆಜ್ಜೆ. ಬ್ರಹ್ಮನಿಗೂ ಗುರುತು ಸಿಗಬಾರದು!

ಬಿಸಿಲೇರಿದ ಮೇಲೆ ಮಾವ ಕೋಲೂರಿಕೊಂಡು, ನನ್ನನ್ನೂ ಕರೆದುಕೊಂಡು ಬಂದರು. ಕುಕ್ಕರುಗಾಲಲ್ಲಿ ಕೂತರು. ಮೊದಲ ಹೆಜ್ಜೆ ನೋಡಿದರು. ಎರಡನೆಯದು ನೋಡಿದರು. ಮೂರನೆಯದನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

“ಏನ್ ಮಾವ?”

“ಏನಿಲ್ಲಮ್ಮ. ಗಟ್ಟಿಯಾಗಿದ್ದಾನೆ” ಅಂದು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು.

ನನ್ನ ಜಂಬ ಕೇಳಬೇಡಿ! ಎಂಥೆಂಥ ದೊರೆಗಳ ಬಾಯಿ ನೋಡಿದ ಕಣ್ಣಿಗೆ ಮಣ್ಣೆರಚಿದ್ದೇನೆ ಅಂತ ಒಳಗೊಳಗೇ ಕುಣಿದೆ. ಅವತ್ತಿನಿಂದ ದಿನಾ ಅದೇ ಕೆಲಸ. ನಸುಕಿಗೆ ಎದ್ದು ತೋಳವಾಗುವುದು, ಬಿಸಿಲೇರಿದ ಮೇಲೆ ಸೊಸೆಯಾಗುವುದು. ಒಂದೇ ಕಡೆ ಒತ್ತಿದರೆ ಮಾವನಿಗೆ ಬೇಜಾರಾದೀತೆಂದು ಬಿನ್ನಮಂಗಲಕ್ಕೆ ಹೋದೆ. ಒಂದು ದಿನ ಹುಮ್ಮಸ್ಸು ಬಂದು ಲಿಂಗರಾಜಪುರದವರೆಗೂ ಹೋಗಿಬಂದೆ. “ಇತ್ತೀಚೆಗೆ ದೂರ ದೂರ ತಿರುಗ್ತಾನೆ. ಒಳ್ಳೇದು” ಅಂದರು ಮಾವ. ಹನುಮಜ್ಜ ದಿನಾ ಸಂಜೆ ಬಂದು, ಹಲ್ಲು ಹಾಕಿಕೊಂಡೇ, “ಇವತ್ತು ಯಾವ ಕಡೆ ಸಾಮಿ?” ಅಂತ ಕೇಳಿ, ಸತ್ತ ತೋಳಕ್ಕೆ ಹೆದರಿ ಇನ್ನೂರು ಕುರಿಗಳನ್ನು ಬೇರೆ ಕಡೆ ಹೊಡೆದುಕೊಂಡು ಹೋಗುತ್ತಿದ್ದ. ಒಂದು ಸಲವೂ ಅವನ ಮುಖ ಬದಲಾಗಲಿಲ್ಲ, ಮಹಾನುಭಾವ.

ಯುದ್ಧ ಮುಗಿಯಿತು. ದಂಡಿನಲ್ಲಿ ಬ್ಯಾಂಡು, ಪಟಾಕಿ. ಲಾರಿಗಟ್ಟಲೆ ಹುಡುಗರು ವಾಪಸು ಬಂದರು. ನಾನು ದಿನಾ ಬಾಗಿಲಲ್ಲಿ ನಿಂತೆ. ಬಂದದ್ದು ಮತ್ತೊಂದು ಅಚ್ಚಿನ ಕಾಗದ. ಸೆರೆಯಲ್ಲಿದ್ದಾಗ ಕಾಯಿಲೆಯಿಂದ ತೀರಿಕೊಂಡರು ಅಂತ. ತಾರೀಖು ನೋಡಿದೆ. ಕಾಣೆ ಅನ್ನುವ ಕಾಗದ ನಮ್ಮ ಕೈಸೇರುವ ಹೊತ್ತಿಗೇ ಅವರು ಇರಲಿಲ್ಲ. ನಾನು ಕಾದದ್ದೆಲ್ಲ, ಇಟ್ಟ ಕುಂಕುಮವೆಲ್ಲ, ಇಲ್ಲದವರಿಗೆ.

ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದೆ. ಎಷ್ಟು ದಿನ ಅಂತ ನನಗೆ ಗೊತ್ತಿಲ್ಲ. ಮಾವನೇ ಒಲೆ ಹಚ್ಚಿ ಮುದ್ದೆ ತೊಳಸಿ ಪಕ್ಕದಲ್ಲಿಟ್ಟು ಹೋಗುತ್ತಿದ್ದರು. ಒಂದು ಬೆಳಿಗ್ಗೆ ಬಂದು ಕೂತರು. ಮಗನನ್ನು ಕಳೆದುಕೊಂಡವರು ಅವರೂ ತಾನೇ? ಅದು ನನಗೆ ಹೊಳೆಯಲೂ ಇಲ್ಲ.

“ಏಳಮ್ಮಣ್ಣಿ. ಕೆರೆ ಕಡೆ ಹೋಗ್ಬಾ. ನಮ್ಮಾಸಾಮಿ ಹೆಜ್ಜೆ...”

ನನಗೆಲ್ಲಿತ್ತೋ ಸಿಟ್ಟು! “ಸತ್ತು ಎಷ್ಟು ಕಾಲ ಆಯ್ತು ನಿಮ್ಮ ತೋಳ! ಲಾರಿಗೆ ಸಿಕ್ಕಿ ಸತ್ತುಹೋಯ್ತು. ನಾನೇ ಕೈಯಾರೆ ಹೂತೆ. ನೀವು ನೋಡ್ತಿದ್ದಿದ್ದು ನಾನು ಒತ್ತಿದ್ದು. ಎಲ್ಲಾ ಸುಳ್ಳು, ಎಲ್ಲಾ ಸತ್ತಿದೆ!”

ಅವರು ಬೆಚ್ಚಲಿಲ್ಲ. “ಗೊತ್ತಮ್ಮ” ಅಂದರು. “ಮೊದಲ್ನೇ ದಿನಾನೇ ಗೊತ್ತಾಯ್ತು. ಬರೀ ಎಡಗಾಲಲ್ಲಿ ನಡೆಯೋ ತೋಳ ಎಲ್ಲಾದ್ರೂ ಉಂಟಾ?”

ತಿರುಗಿ ಹಲಗೆ ನೋಡಿದೆ. ಸಾಲಾಗಿ ಕೂತ ಪಂಜಗಳು. ಎಲ್ಲವೂ ಮೂರು ಬೆರಳು. ಎಲ್ಲವೂ ಎಡಗಡೆಯ ಹಿಂಗಾಲು! ಗುರುತು ಇದ್ದದ್ದು ಆ ಕಾಲಿಗೆ, ಅದಕ್ಕೇ ಅವರು ಅದೊಂದರ ಅಚ್ಚನ್ನೇ ತೆಗೆಯುತ್ತಿದ್ದರು. ಬಲಗಾಲೇ ಇಲ್ಲದ ತೋಳವನ್ನು ನಾನು ಹಲಸೂರಿನಿಂದ ಲಿಂಗರಾಜಪುರದವರೆಗೆ ಎಡ, ಎಡ, ಎಡ ಅಂತ ಕುಪ್ಪಳಿಸಿ ನಡೆಸಿದ್ದೆ. ಅಷ್ಟು ಅಳುವಿನಲ್ಲೂ ನನಗೆ ನಗು ಬಂದುಬಿಟ್ಟಿತು. ಮಾವನಿಗೂ ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕೆವು. ಆಮೇಲೆ ಬರೀ ನೀರು ಉಳಿಯಿತು.

“ಮತ್ತೆ ಅಷ್ಟು ದಿನ ಪುಸ್ತಕದಲ್ಲಿ ಏನ್ ಬರೀತಿದ್ರಿ ಮಾವ?”

ಅವರು ಪುಸ್ತಕ ನನ್ನ ಮಡಿಲಲ್ಲಿಟ್ಟು ಎದ್ದುಹೋದರು. ತೆರೆದೆ. ತೋಳದ ಹೆಜ್ಜೆ ಒತ್ತಿದ ಜಾಣೆ, ಅದರ ಪಕ್ಕದಲ್ಲೇ ಸಾಲಾಗಿ ಬಿದ್ದ ತನ್ನ ಬರಿಗಾಲಿನ ಹೆಜ್ಜೆ ಅಳಿಸುವುದನ್ನು ಮರೆತಿದ್ದಳು! ಮಾವ ಅದನ್ನು ಓದುತ್ತಿದ್ದರು. ದಿನಾ.

‘ಅಮ್ಮಣ್ಣಿ ಇಂದು ಕೆರೆ ಏರಿಯವರೆಗೆ ಬಂದಿದ್ದಾಳೆ. ಹೆಜ್ಜೆ ಆಳವಿಲ್ಲ. ಸರಿಯಾಗಿ ಉಣ್ಣುತ್ತಿಲ್ಲ.’

‘ಬಲ ಹಿಮ್ಮಡಿ ಊರಿಲ್ಲ. ಮುಳ್ಳು ಚುಚ್ಚಿದೆ, ಹೇಳಿಲ್ಲ. ಚಿಮುಟ ತೆಗೆದಿಡಬೇಕು.’

‘ಕಲ್ಲಿನ ಹತ್ತಿರ ಬಹಳ ಹೊತ್ತು ಕೂತಿದ್ದಾಳೆ. ಅತ್ತಿರಬೇಕು. ನಾಳೆಯಿಂದ ನಾನು ತಡವಾಗಿ ಹೋಗಬೇಕು.’

‘ಇಂದು ಲಿಂಗರಾಜಪುರ! ಹೆಜ್ಜೆ ಅಗಲ. ಇಳಿಜಾರಿನಲ್ಲಿ ಓಡಿದ್ದಾಳೆ. ಬಹಳ ಸಂತೋಷ.’

ಪುಟ ತಿರುವಿದೆ. ಕೊನೆಯ ಪುಟದಲ್ಲಿ ಕಾಗದ ಬಂದ ದಿನದ ಕೆಳಗೆ ಒಂದರ ಕೆಳಗೊಂದು ಎಂಟು ಸಾಲು. ಅಕ್ಷರ ದಿನದಿಂದ ದಿನಕ್ಕೆ ಸೊಟ್ಟಗಾಗಿತ್ತು.

‘ಹೆಜ್ಜೆ ಇಲ್ಲ.’

‘ಹೆಜ್ಜೆ ಇಲ್ಲ.’

‘ಹೆಜ್ಜೆ ಇಲ್ಲ.’

ಎಂಟೂ ಹಾಗೇ.

ಎದ್ದೆ. ಮುಖ ತೊಳೆದುಕೊಂಡೆ. ರಾತ್ರಿ ಸೋನೆ ಬಿದ್ದು ಗಲ್ಲಿಯೆಲ್ಲ ಕೆಸರಾಗಿತ್ತು. ಮಾವ ಜಗುಲಿಯ ಮೇಲೆ ಕೂತಿದ್ದರು. ಅವರ ಕಣ್ಣು ಆಗಲೇ ಮಂಜಾಗುತ್ತಿತ್ತು. ಅವರ ಮುಂದೆಯೇ ಕೆಳಗಿಳಿದು, ಎಡಗಾಲನ್ನೂ ಬಲಗಾಲನ್ನೂ ಆ ಮುದುಕರಿಗೆ ಕಾಣುವಷ್ಟು ಆಳವಾಗಿ ಊರಿ ಊರಿ, ನಾನು ಕೆರೆಯ ಕಡೆ ನಡೆದೆ.